ಲೂಗರ್ ಪಿಸ್ತೂಲು: ಗುರುತು ಹಿಡಿದ, ಬೆಲೆ ಕಟ್ಟಿದ ಚರಿತ್ರೆ

ಜರ್ಮನ್ ಸೇನೆ 1908ರಲ್ಲಿ ಸ್ವೀಕರಿಸಿ ಎರಡನೆಯ ಮಹಾಯುದ್ಧದ ಕೊನೆಯವರೆಗೂ ಬಳಸಿದ ಸ್ವಯಂಭರ್ತಿ ಪಿಸ್ತೂಲು. ಸೇನೆಯ ದಾಖಲೆಗಳಲ್ಲಿ ಇದರ ಹೆಸರು ಪಿ.08. ಎರಡೂ ಮಹಾಯುದ್ಧಗಳಲ್ಲಿ ಜರ್ಮನಿಯ ವಿರುದ್ಧ ಹೋರಾಡಿದ ಅಮೆರಿಕ, ಬ್ರಿಟನ್ ಮತ್ತು ಕೆನಡಾದ ಸೈನಿಕರು ಗೆಲುವಿನ ನೆನಪಿಗೆಂದು ಮನೆಗೆ ಒಯ್ದ ಆಯುಧಗಳಲ್ಲಿ ಇದರಷ್ಟು ಪ್ರಸಿದ್ಧವಾದದ್ದು ಇನ್ನೊಂದಿಲ್ಲ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲೋ ಅಟ್ಟದ ಮೇಲೋ ಪಿಸ್ತೂಲು ಸಿಗುತ್ತದೆ. ಆಗ ಮಕ್ಕಳು, ಮೊಮ್ಮಕ್ಕಳು ಕೇಳುವುದು ಎರಡೇ ಪ್ರಶ್ನೆ: ಇದು ಯಾವುದು, ಇದರ ಬೆಲೆ ಎಷ್ಟು? ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕದೆ ಎರಡನೆಯದಕ್ಕೆ ಉತ್ತರವಿಲ್ಲ. ಹೊರನೋಟಕ್ಕೆ ಅವಳಿಗಳಂತಿರುವ ಎರಡು ಲೂಗರ್‌ಗಳ ಬೆಲೆಯಲ್ಲಿ ಹಲವು ಪಟ್ಟು ಅಂತರವಿರಬಹುದು. ಆ ಅಂತರಕ್ಕೆಲ್ಲ ಕಾರಣ ಉಕ್ಕಿನ ಮೇಲೆ ಒತ್ತಿದ ಪುಟ್ಟ ಮುದ್ರೆಗಳು.

ಹ್ಯೂಗೋ ಬೋರ್ಕಾರ್ಟ್ 1893ರಲ್ಲಿ ರೂಪಿಸಿದ ಪಿಸ್ತೂಲು ಇದರ ಮೂಲ. ಗುಂಡು ಹಾರಿದಾಗ ಮಧ್ಯದ ಕೀಲು ಮೇಲಕ್ಕೆ ಮಡಿಚಿಕೊಂಡು ಖಾಲಿ ತೋಟಾವನ್ನು ಹೊರಗೆಸೆಯುವ ಅದರ ಏರ್ಪಾಡನ್ನು ಉಳಿಸಿಕೊಂಡು, ಕೈಗೆ ಒಗ್ಗದ ಅದರ ಆಕಾರವನ್ನು ಜಾರ್ಜ್ ಲೂಗರ್ ತಿದ್ದಿದ. 1900ರಲ್ಲಿ ಸ್ವಿಟ್ಜರ್ಲೆಂಡ್ ಇದನ್ನು 7.65 ಮಿ.ಮೀ. ಅಳತೆಯಲ್ಲಿ ತನ್ನ ಸೇನೆಗೆ ತೆಗೆದುಕೊಂಡಿತು. ಜರ್ಮನ್ ನೌಕಾಪಡೆ 1904ರಲ್ಲಿ, ಭೂಸೇನೆ 1908ರಲ್ಲಿ 9 ಮಿ.ಮೀ. ಅಳತೆಯದನ್ನು ಆರಿಸಿಕೊಂಡವು. ಭೂಸೇನೆಯ ಸಾಮಾನ್ಯ ಮಾದರಿಯ ನಳಿಗೆ ಸುಮಾರು 100 ಮಿ.ಮೀ., ನೌಕಾಪಡೆಯದು 150. ಫಿರಂಗಿದಳಕ್ಕೆಂದು ಮಾಡಿದ ಮಾದರಿಯ ನಳಿಗೆ 200 ಮಿ.ಮೀ. ಇದ್ದು, ಅದರ ಗುರಿಪಟ್ಟಿ 800 ಮೀಟರಿನವರೆಗೆ ಏರುತ್ತದೆ. ಅಳತೆಗೋಲು ಹಿಡಿದರೆ ಇಷ್ಟನ್ನು ಯಾರು ಬೇಕಾದರೂ ತಿಳಿಯಬಹುದು.

ಮುಂದಿನದಕ್ಕೆ ಕಣ್ಣು ಪಳಗಬೇಕು. ಕೀಲಿನ ಮೇಲ್ಭಾಗದಲ್ಲಿ ತಯಾರಕರ ಗುರುತು, ಚೇಂಬರಿನ ನೆತ್ತಿಯ ಮೇಲೆ ತಯಾರಾದ ವರ್ಷ. ಬರ್ಲಿನ್ನಿನ ಡಿ.ಡಬ್ಲ್ಯು.ಎಂ. ಕಾರ್ಖಾನೆಯದಾದರೆ ಮೂರು ಅಕ್ಷರ ಹೆಣೆದುಕೊಂಡ ಮುದ್ರೆ; ಎರ್ಫುರ್ಟ್‌ನ ಸರ್ಕಾರಿ ಶಸ್ತ್ರಾಗಾರದ್ದಾದರೆ ಕಿರೀಟ, ಅದರ ಕೆಳಗೆ ಊರಿನ ಹೆಸರು. ಕೆಲವು ಪಿಸ್ತೂಲುಗಳಲ್ಲಿ ಎರಡು ವರ್ಷ ಕಾಣುತ್ತವೆ, 1917ರ ಜೊತೆಗೆ 1920 ಎಂಬಂತೆ. ಇದನ್ನು ಕಂಡ ವಾರಸುದಾರರು ನಕಲಿ ಇರಬೇಕೆಂದು ಹೆದರುವುದುಂಟು. ಹೆದರಬೇಕಾಗಿಲ್ಲ. ಸೋತ ಜರ್ಮನಿಯಲ್ಲಿ 1920ರಲ್ಲಿ ಜನರ ಕೈಯಲ್ಲಿದ್ದ ಆಯುಧಗಳನ್ನು ವಾಪಸು ಪಡೆಯುವ ಕಾನೂನು ಬಂದಾಗ, ಸರ್ಕಾರದ ಸ್ವತ್ತನ್ನು ಬೇರ್ಪಡಿಸಲು ಆ ವರ್ಷವನ್ನು ಮುದ್ರೆಯಾಗಿ ಒತ್ತಿದರು. ಒಂದೇ ಪಿಸ್ತೂಲು ಚಕ್ರವರ್ತಿಯ ಸೈನ್ಯದಲ್ಲೂ ಗಣರಾಜ್ಯದ ಸೈನ್ಯದಲ್ಲೂ ದುಡಿದಿದೆ ಎಂಬುದಕ್ಕೆ ಆ ಜೋಡಿ ವರ್ಷಗಳೇ ಸಾಕ್ಷಿ.

ವರ್ಸೇಲ್ಸ್ ಒಪ್ಪಂದದ ನಿರ್ಬಂಧಗಳ ಕಾಲದಲ್ಲಿ ಸೇನೆಗೆ ಪಿಸ್ತೂಲು ಒದಗಿಸುವ ಅನುಮತಿ ಇದ್ದದ್ದು ಝೂಲ್ ಊರಿನ ಸಿಮ್ಸನ್ ಕಂಪನಿಗೆ. ಯಹೂದಿ ಮನೆತನದ ಈ ಕಾರ್ಖಾನೆಯನ್ನು ನಾಜಿಗಳು ಕಿತ್ತುಕೊಂಡರು. ಡಿ.ಡಬ್ಲ್ಯು.ಎಂ.ನ ಯಂತ್ರಗಳು 1930ರಲ್ಲಿ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಗೆ ಸಾಗಿದ್ದವು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಉತ್ಪಾದನೆ ಭರದಿಂದ ನಡೆಯಿತು, ಆದರೆ ಹೊರಗಿನವರಿಗೆ ತಿಳಿಯಬಾರದು. ಅದಕ್ಕಾಗಿ ತಯಾರಕರ ಹೆಸರಿನ ಜಾಗಕ್ಕೆ ‘ಎಸ್/42’ ಎಂಬ ಸಂಕೇತ ಬಂತು. ವರ್ಷದ ಜಾಗದಲ್ಲಿ 1934ಕ್ಕೆ ‘ಕೆ’, 1935ಕ್ಕೆ ‘ಜಿ’ ಅಕ್ಷರ. ಆಮೇಲೆ ವರ್ಷವನ್ನು ನೇರವಾಗಿಯೇ ಒತ್ತಿದರು. ಸಂಕೇತ ಮಾತ್ರ ಬರಿಯ ‘42’ ಆಗಿ, 1941ರಿಂದ ‘ಬಿವೈಎಫ್’ ಆಯಿತು. ವಾಯುಪಡೆಗಾಗಿ ಕ್ರೀಗ್‌ಹಾಫ್ ಕಂಪನಿ ಮಾಡಿಕೊಟ್ಟದ್ದು ಸುಮಾರು 10,000 ಮಾತ್ರ. ಆದ್ದರಿಂದಲೇ ಸಂಗ್ರಾಹಕರು ಅದನ್ನು ಹುಡುಕುತ್ತಾರೆ, ವಂಚಕರು ಅದರ ಮುದ್ರೆಯನ್ನು ಕೆತ್ತುತ್ತಾರೆ. 1942ರ ಕೊನೆಗೆ ಸೇನೆಗಾಗಿ ಲೂಗರ್ ತಯಾರಿಕೆ ನಿಂತಿತು. ಮಾಡಲು ಅಗ್ಗವಾದ ವಾಲ್ಟರ್ ಪಿ.38 ಅದರ ಜಾಗ ಹಿಡಿಯಿತು.

ಮನೆತನದಿಂದ ಬಂದ ಪಿಸ್ತೂಲಿನ ವಿಷಯದಲ್ಲಿ ಹೆಚ್ಚು ತಪ್ಪು ನಡೆಯುವುದು ಕ್ರಮಸಂಖ್ಯೆಯಲ್ಲಿ. ಸೇನೆಯ ಲೂಗರ್‌ಗೆ ಹೆಚ್ಚೆಂದರೆ ಐದಂಕಿಯ ಸಂಖ್ಯೆ. 10,000 ಮುಟ್ಟಿದ ಮೇಲೆ ಒಂದರಿಂದ ಮತ್ತೆ ಎಣಿಕೆ ಶುರು, ಈ ಸಲ ಕೊನೆಗೊಂದು ಅಕ್ಷರದೊಂದಿಗೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಎಣಿಕೆ ಪ್ರತಿ ವರ್ಷವೂ ಹೊಸದಾಗಿ ಆರಂಭವಾಗುತ್ತಿತ್ತು. ಹಾಗಾಗಿ ಸಣ್ಣ ಸಂಖ್ಯೆಯ ಪಿಸ್ತೂಲು ಕಂಡೊಡನೆ ಇದು ಮೊದಮೊದಲು ಮಾಡಿದ್ದು ಎಂದು ಹಿಗ್ಗುವಂತಿಲ್ಲ. ತಯಾರಕರು, ವರ್ಷ, ಸಂಖ್ಯೆ, ಅಕ್ಷರ ಈ ನಾಲ್ಕೂ ಸೇರಿದರೆ ಮಾತ್ರ ಅದೊಂದೇ ಪಿಸ್ತೂಲಿನ ಗುರುತು. ಪೂರ್ತಿ ಸಂಖ್ಯೆ ಚೌಕಟ್ಟು, ನಳಿಗೆ ಮತ್ತು ಚೇಂಬರಿನ ಭಾಗದ ಮೇಲಿರುತ್ತದೆ. ಸಣ್ಣ ಭಾಗಗಳ ಮೇಲೆ ಅದರ ಕೊನೆಯ ಎರಡಂಕಿಗಳು. ಕೈಯಿಂದ ಉಜ್ಜಿ ಒಂದಕ್ಕೊಂದು ಹೊಂದಿಸಿದ ಭಾಗಗಳು ಅದಲುಬದಲಾಗದಿರಲಿ ಎಂದು ಕಾರ್ಖಾನೆ ಹಾಕಿದ ಅಂಕಿಗಳೇ ಇಂದು ಬೆಲೆಯ ತಕ್ಕಡಿ. ಒಂದು ಮುಖ್ಯ ಭಾಗದ ಅಂಕಿ ಬೇರೆಯಾದರೂ ಸಂಗ್ರಾಹಕರ ದೃಷ್ಟಿಯಲ್ಲಿ ಬೆಲೆ ಅರ್ಧಕ್ಕೆ ಇಳಿಯಬಹುದು. ಅದೇ ಸಂಖ್ಯೆಯ ಮ್ಯಾಗಜೀನೂ ಜೊತೆಗಿದ್ದರೆ ಅದು ಅಪರೂಪದ ಭಾಗ್ಯ. ಎರಡನೆಯ ಮ್ಯಾಗಜೀನಿಗೆ ಸಂಖ್ಯೆಯ ಜೊತೆ ‘+’ ಗುರುತು ಹಾಕುತ್ತಿದ್ದರು.

ಇನ್ನೊಂದು ಪರೀಕ್ಷೆ ಬಣ್ಣದ್ದು. 1937ರವರೆಗೆ ಉಕ್ಕಿಗೆ ನಿಧಾನವಾಗಿ ತುಕ್ಕು ಹಿಡಿಸಿ, ಉಜ್ಜಿ, ನೀಲಿಗಪ್ಪು ತರುತ್ತಿದ್ದರು; ಟ್ರಿಗರ್, ಸುರಕ್ಷಾ ಕೀಲಿಯಂಥ ಸಣ್ಣ ಭಾಗಗಳಿಗೆ ಕಾವು ಕೊಟ್ಟು ಒಣಹುಲ್ಲಿನ ಹೊಂಬಣ್ಣ ಬರಿಸುತ್ತಿದ್ದರು. ಆ ವರ್ಷ ಕಾದ ಲವಣದ್ರಾವಣದಲ್ಲಿ ಅದ್ದುವ ವಿಧಾನ ಬಂದು ಹೊಂಬಣ್ಣ ಮಾಯವಾಯಿತು. 1918ರ ಪಿಸ್ತೂಲಿನಲ್ಲಿ ಟ್ರಿಗರ್ ಕಪ್ಪಾಗಿದ್ದರೆ, ಚೌಕಟ್ಟಿನ ಒಳಮೈಯೂ ಕಪ್ಪಾಗಿದ್ದರೆ, ಯಾರೋ ಅದನ್ನು ಮುಂದೆಂದೋ ಹೊಸದಾಗಿಸಿದ್ದಾರೆ ಎಂದರ್ಥ. ಸೋವಿಯತ್ ಸೇನೆ ವಶಪಡಿಸಿಕೊಂಡು ಒಟ್ಟಿಗೆ ಅದ್ದಿ ಕಪ್ಪು ಮಾಡಿ ‘X’ ಗುರುತು ಹಾಕಿದವು, ಪೂರ್ವ ಜರ್ಮನಿಯ ಪೊಲೀಸರು ರಿಪೇರಿ ಮಾಡಿಸಿ ಇಟ್ಟುಕೊಂಡವು ಹೀಗೆ ಗುರುತು ಸಿಗುತ್ತವೆ. ಅವುಗಳದ್ದೂ ಚರಿತ್ರೆಯೇ, ಬೆಲೆ ಮಾತ್ರ ಕಡಿಮೆ. ಎಲ್ಲಕ್ಕಿಂತ ದೊಡ್ಡ ಹಾನಿ ಮಾಡುವುದು ಪ್ರೀತಿಯಿಂದ ಪಾಲಿಶ್ ಹಾಕಿಸುವ ಮನೆಯವರೇ. ಯಂತ್ರ ತಗುಲಿದರೆ ಅಂಚುಗಳು ಗುಂಡಾಗುತ್ತವೆ, ತಪಾಸಣೆಯ ಮುದ್ರೆಗಳು ಮಸುಕಾಗುತ್ತವೆ, ಹೋದದ್ದು ಮತ್ತೆ ಬಾರದು. ಮಾಸಿದ ಮೂಲಬಣ್ಣಕ್ಕೆ ಥಳಥಳಿಸುವ ಹೊಸಬಣ್ಣಕ್ಕಿಂತ ಹೆಚ್ಚು ಬೆಲೆ ಇದೆ.

ಈ ತಿಳಿವಳಿಕೆ ಕಾರ್ಖಾನೆಗಳಿಂದ ಬಂದದ್ದಲ್ಲ. ಯುದ್ಧಾನಂತರ ಸಂಗ್ರಾಹಕರು ಸಾವಿರಾರು ಪಿಸ್ತೂಲುಗಳ ಮುದ್ರೆ, ಸಂಖ್ಯೆಗಳನ್ನು ಬರೆದಿಟ್ಟು, ಹೋಲಿಸಿ, ಕ್ರಮವನ್ನು ಹೊರತೆಗೆದರು. ಫ್ರೆಡ್ ಡಾಟಿಗ್ 1955ರಲ್ಲಿ, ಹ್ಯಾರಿ ಜೋನ್ಸ್ 1959ರಲ್ಲಿ, ಚಾರ್ಲ್ಸ್ ಕೆನ್ಯನ್ 1969ರಲ್ಲಿ ತಂದ ಪುಸ್ತಕಗಳು ಈ ದಾರಿಯ ಮೈಲಿಗಲ್ಲುಗಳು. ಮಾದರಿಗಳಿಗೆ ಹೆಸರು ಸಿಕ್ಕಿದ ಮೇಲೆಯೇ ಅಪರೂಪ ಯಾವುದು, ಸಾಧಾರಣ ಯಾವುದು ಎಂದು ಸ್ಪಷ್ಟವಾಗಿ ಬೆಲೆ ಬೇರೆಯಾದದ್ದು. ಅದೇ ಪುಸ್ತಕಗಳನ್ನು ಮುಂದಿಟ್ಟುಕೊಂಡು ಸುಳ್ಳು ಮುದ್ರೆ ಒತ್ತುವವರೂ ಹುಟ್ಟಿಕೊಂಡರು. 1941–42ರ ಕಪ್ಪು ಹಿಡಿಯ ಮೌಸರ್ ಪಿಸ್ತೂಲಿಗೆ ‘ಬ್ಲ್ಯಾಕ್ ವಿಡೋ’ ಎಂಬ ಹೆಸರು ಅಂಟಿದ್ದು ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ, ವ್ಯಾಪಾರಕ್ಕಾಗಿ. ಜರ್ಮನ್ ಸೇನೆಗೆ ಆ ಹೆಸರು ಗೊತ್ತಿರಲಿಲ್ಲ.

ತಾತ ಇದನ್ನು ಜರ್ಮನ್ ಅಧಿಕಾರಿಯಿಂದ ಕಿತ್ತುಕೊಂಡ ಎಂಬ ಮನೆಮಾತಿಗೆ ಮಾರುಕಟ್ಟೆ ಹಣ ಕೊಡುವುದಿಲ್ಲ. ಕೊಡುವುದು ಕಾಗದಕ್ಕೆ. ಆಯುಧವನ್ನು ಮನೆಗೆ ಒಯ್ಯಲು ಅಮೆರಿಕದ ಸೈನಿಕನಿಗೆ ಮೇಲಧಿಕಾರಿ ಸಹಿ ಮಾಡಿಕೊಟ್ಟ ಅನುಮತಿಪತ್ರದಲ್ಲಿ ಕ್ರಮಸಂಖ್ಯೆಯೂ ಇದ್ದರೆ, ಪಿಸ್ತೂಲು ಮತ್ತು ಮನುಷ್ಯ ಇಬ್ಬರ ಕಥೆಯೂ ಗಟ್ಟಿಯಾಗುತ್ತದೆ. ಚರ್ಮದ ಚೀಲ, ಬಿಡಿ ಮ್ಯಾಗಜೀನು, ಬಿಚ್ಚುವ ಪುಟ್ಟ ಸಲಕರಣೆ, ಆ ಕಾಲದ ಪತ್ರ, ಫೋಟೊಗಳನ್ನು ಬೇರೆ ಬೇರೆಯಾಗಿ ಮಾರಿಬಿಡುವುದು ದೊಡ್ಡ ನಷ್ಟ.

ಪರೀಕ್ಷೆಗೆ ಮೊದಲು ಪಿಸ್ತೂಲು ಖಾಲಿ ಇದೆಯೇ ಎಂದು ಬಲ್ಲವರಿಂದ ನೋಡಿಸಬೇಕು. ಚೇಂಬರಿನಲ್ಲಿ ಗುಂಡಿದ್ದರೆ ಮೇಲಿನ ಕೊಕ್ಕೆ ತುಸು ಎದ್ದು, ಅದರ ಪಕ್ಕದಲ್ಲಿ ‘ತುಂಬಿದೆ’ ಎಂಬರ್ಥದ ‘ಗೆಲಾಡೆನ್’ ಎಂಬ ಜರ್ಮನ್ ಪದ ಕಾಣುತ್ತದೆ. ಲೂಗರ್‌ನ ಮೇಲ್ಭಾಗವನ್ನು ಚೌಕಟ್ಟಿನಿಂದ ಕಳಚಿದ ಮೇಲೂ ಒಳಗೆ ಉಳಿದ ಗುಂಡು ಹಾರಬಲ್ಲದು.

ಬೆಲೆಯನ್ನು ಕಾನೂನೂ ನಿರ್ಧರಿಸುತ್ತದೆ. ಬ್ರಿಟನ್ 1997ರಲ್ಲಿ ಕೈಪಿಸ್ತೂಲುಗಳನ್ನು ನಿಷೇಧಿಸಿದಾಗ 1919ಕ್ಕಿಂತ ಮೊದಲು ತಯಾರಾದ ಚಾರಿತ್ರಿಕ ಆಯುಧಗಳಿಗೆ ಕಟ್ಟುನಿಟ್ಟಿನ ಷರತ್ತಿನ ಮೇಲೆ ವಿನಾಯಿತಿ ಇಟ್ಟಿತು. ಹಾಗಾಗಿ ಅಲ್ಲಿ ಚೇಂಬರಿನ ಮೇಲಿನ 1918 ಎಂಬ ಅಂಕಿಗೆ ಇತಿಹಾಸದಾಚೆಗೂ ತೂಕವಿದೆ. ಅಮೆರಿಕದಲ್ಲಿ 50 ವರ್ಷ ದಾಟಿದ ಆಯುಧಗಳು ಸಂಗ್ರಾಹಕರ ವಿಶೇಷ ವರ್ಗಕ್ಕೆ ಸೇರುತ್ತವೆ. ಭಾರತದಲ್ಲಿ 9 ಮಿ.ಮೀ. ಪಿಸ್ತೂಲು ನಿಷೇಧಿತ ಅಳತೆಯದು. ಪರವಾನಗಿದಾರರು ತೀರಿಕೊಂಡರೆ ವಾರಸುದಾರರು ಆಯುಧವನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧಗಳ ಮಿತಿ. ಮನೆತನದಿಂದ ಬಂದವೂ ಆ ಲೆಕ್ಕದೊಳಗೇ ಸೇರುತ್ತವೆ.