ಪುಟ್ಟ ರೈಲು, ಅಳಿದ ಹಳ್ಳಿ

ಪುಟ್ಟ ರೈಲುಗಳನ್ನು ಕಟ್ಟಿ ಓಡಿಸುವ ಹವ್ಯಾಸವನ್ನು ಮಕ್ಕಳಾಟವೆಂದು ತಾವು ನಕ್ಕುಬಿಡಬಹುದು. ನಾನೂ ನಕ್ಕವನೇ. ರಾಯ್ ಇಂಗ್ಲೆಂಡ್ ಎಂಬಾತನ ವೃತ್ತಾಂತ ತಿಳಿದ ಮೇಲೆ ಆ ನಗೆ ನಿಂತಿತು. ಇಂಗ್ಲೆಂಡ್ ಎಂಬುದು ಆತನ ಮನೆತನದ ಹೆಸರು; ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ! 1925ರಲ್ಲಿ ಬ್ರಿಟನ್ನಿಗೆ ಬಂದು, ವೈಟ್ ಹಾರ್ಸ್ ಕಣಿವೆಯ ಹಳ್ಳಿಗಳಿಗೆ ಮನಸೋತ. ಆದರೆ ಹುಲ್ಲು ಹೊದಿಸಿದ ಹಳೆಯ ಮನೆಗಳು ಕಣ್ಣೆದುರಿಗೇ ರೂಪಗೆಡುತ್ತಿದ್ದವು. ತಡೆಯುವ ಶಕ್ತಿ ಆತನಿಗೆಲ್ಲಿಂದ ಬರಬೇಕು? ಅಳೆದು ಬರೆದಿಡುವ ತಾಳ್ಮೆ ಮಾತ್ರ ಇತ್ತು.

ಅಳತೆಯ ಲೆಕ್ಕವನ್ನು ಕೊಂಚ ನೋಡಿ. ಒಂದು ಅಡಿಗೆ 4 ಮಿಲಿಮೀಟರು. ಆರಡಿಯ ಆಳು 24 ಮಿಲಿಮೀಟರಿಗೆ ಇಳಿದ, ಸರಿ. ಒಂದು ಮೈಲಿ ಹಳಿಗೋ, 21 ಮೀಟರಿಗೂ ಮಿಕ್ಕ ಸ್ಥಳ ಬೇಕು! ಅದು ಯಾರ ಮನೆಯಲ್ಲಿದ್ದೀತು? ಆದ್ದರಿಂದ ಈ ಹವ್ಯಾಸದವರು ಏನನ್ನಾದರೂ ಬಿಡಲೇಬೇಕು. ಏನನ್ನು ಬಿಡುವುದೆಂಬುದೇ ಯೋಜನೆಯ ತಿರುಳು. ಸಾಮಾನ್ಯವಾಗಿ ಬಿಟ್ಟುಹೋಗುವುದು ಊರು. ನಿಲ್ದಾಣದ ಹಿಂದೆ ನಾಲ್ಕು ಮನೆ ಅಂಟಿಸಿದರೆ ಆಯಿತು. ರಾಯ್ ಊರನ್ನು ಬಿಡಲಿಲ್ಲ. ರಟ್ಟಿನ ಗೋಡೆಯ ಮೇಲೆ ಒಂದೊಂದು ಇಟ್ಟಿಗೆಗೂ ಬಿಡಿಬಿಡಿಯಾಗಿ ಬಣ್ಣ ಬಳಿಯುವ ಪದ್ಧತಿ ಆತನದು.

1954ರಲ್ಲಿ ಲಾಂಗ್ ವಿಟನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಈ ಕೆಲಸಕ್ಕೆಂದೇ ಪೆಂಡನ್ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದ. ಹವ್ಯಾಸಿಗಳು ಬಂದು ಕೈಜೋಡಿಸಿದರು. 1995ರಲ್ಲಿ ಆತ ತೀರಿಕೊಂಡಾಗಲೂ ಕಣಿವೆ ಮುಗಿದಿರಲಿಲ್ಲ, ಅವರು ಕೈಬಿಡಲಿಲ್ಲ. 1948ರ ರಾಷ್ಟ್ರೀಕರಣದಲ್ಲಿ ಕರಗಿಹೋದ ಹಳೆಯ ಗ್ರೇಟ್ ವೆಸ್ಟರ್ನ್ ಕಂಪನಿಯ ಗಾಡಿಗಳು ಆ ಪುಟ್ಟ ಹಳ್ಳಿಗಳ ನಡುವೆ ಇಂದಿಗೂ ಓಡುತ್ತಿವೆ.