ಬಾಲದಿಂದ ಕಿವಿಯೋಲೆಯವರೆಗೆ

ಮಕರಸಂಕ್ರಮಣದ ಸುಮಾರಿಗೆ ವಿಜಯಪುರದಲ್ಲಿ ನೆರೆಯುವ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬಂದ ರೈತನು ಕಿಲಾರಿ ಹೋರಿಗಳ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಕಟ್ಟಕಡೆಗೆ ದಲ್ಲಾಳಿಯ ಕೈಯನ್ನು ಟವೆಲ್ಲಿನ ಮರೆಯಲ್ಲಿ ಹಿಡಿದು ಬೆರಳುಗಳಿಂದಲೇ ಬೆಲೆಯನ್ನು ಸೂಚಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಪಶುವಿಮೆಯೆಂಬುದು ಈ ಗೌಪ್ಯಕ್ಕೆ ನೇರ ವಿರುದ್ಧವಾದುದು; ಪಶುವಿನ ಬೆಲೆ ಎಷ್ಟು, ಸತ್ತದ್ದು ಅದೇ ಪಶು ಹೌದೇ ಎಂಬ ಎರಡು ಪ್ರಶ್ನೆಗಳಿಗೆ ಅದು ಲಿಖಿತವಾದ ಉತ್ತರವನ್ನು ಬೇಡುತ್ತದೆ. ಇವುಗಳಲ್ಲಿ ಎರಡನೆಯದೇ ಕಠಿನವಾದುದು, ಹಳೆಯದೂ ಹೌದು.

ಹದಿನಾರನೆಯ ಶತಮಾನದ ನಾಲ್ಕನೆಯ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಎಂಬವನು ಸಾಳುವ ನರಸಿಂಹನನ್ನು ಕುರಿತು ಬರೆಯುತ್ತ, ಆ ಅರಸನು ಓರ್ಮುಜ್, ಏಡನ್‌ಗಳಿಂದ ಬರುವ ಕುದುರೆಗಳನ್ನು ಮೂರಕ್ಕೆ ಸಾವಿರ ಪರ್ದಾವ್ ನಾಣ್ಯಗಳಂತೆ ಸತ್ತಿರಲಿ ಬದುಕಿರಲಿ ಕೊಳ್ಳುತ್ತಿದ್ದನೆಂದೂ, ಕಡಲಿನಲ್ಲಿ ಸತ್ತವುಗಳ ಬಾಲವನ್ನು ಮಾತ್ರ ತಂದು ತೋರಿಸಿದರೆ ಜೀವಂತ ಕುದುರೆಯ ಬೆಲೆಯನ್ನೇ ತೆರುತ್ತಿದ್ದನೆಂದೂ ತಿಳಿಸುತ್ತಾನೆ. ಕಂತು ಕಟ್ಟಿಸಿಕೊಳ್ಳದ ವಿಮೆಯಿದು! ವ್ಯಾಪಾರಿಯು ಹೇಳಿದ ಮಾತಾದುದರಿಂದ ತುಸು ಉಪ್ಪು ಖಾರ ಬೆರೆತಿರಬಹುದಾದರೂ, ಒಂದು ಕುದುರೆಗೆ ಒಂದೇ ಬಾಲವೆಂಬ ತರ್ಕವು ಮಾತ್ರ ದೋಷರಹಿತವಾದುದು. ವಿಜಾಪುರದ (ಇಂದಿನ ವಿಜಯಪುರದ) ಆದಿಲಶಾಹಿಯ ಗೋವೆಯು 1510ರಲ್ಲಿ ಪೋರ್ಚುಗೀಸರ ವಶವಾದ ಮೇಲಂತೂ ವಿಜಯನಗರ, ವಿಜಾಪುರಗಳೆರಡೂ ಕುದುರೆಗಾಗಿ ಅವರ ಮುಖವನ್ನೇ ನೋಡಬೇಕಾಯಿತು.

ಅಶ್ವದಳದ ಕುದುರೆಗೆ ಅರಸನು ಹೊಣೆಯಾದನು. ಎರೆಭೂಮಿಯ ಎತ್ತಿಗೆ ಯಾರೂ ಆಗಲಿಲ್ಲ. ಕೃಷ್ಣಾ, ಡೋಣಿ ನದಿಗಳ ಕಪ್ಪುನೆಲವನ್ನು ಉಳಲು ಸಾಂಗಲಿಯ ಪಟವರ್ಧನ ಸಂಸ್ಥಾನಿಕರ ಪ್ರೋತ್ಸಾಹದಿಂದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಭಾರಿ ಮೈಕಟ್ಟಿನ ಕೃಷ್ಣಾತೀರದ ಎತ್ತಾಗಲಿ, ಚುರುಕುನಡೆಯ ಕಿಲಾರಿಯಾಗಲಿ, 1876–78ರ ಬರಗಾಲದಲ್ಲಿ ಮೇವಿಲ್ಲದೆ ಬಿದ್ದಾಗ, ದೊಡ್ಡರೋಗವು (ರಿಂಡರ್‌ಪೆಸ್ಟ್) ಹಟ್ಟಿಗೆ ಹಟ್ಟಿಯನ್ನೇ ಬರಿದುಮಾಡಿದಾಗ, ಒಕ್ಕಲುತನಕ್ಕೆ ಇದ್ದ ಆಧಾರವೆಂದರೆ ನೆರೆಯವರ ಮುಯ್ಯಿಯೊಂದೇ. ಒಂದೆತ್ತು ಉಳಿದವನೂ ಇನ್ನೊಂದೆತ್ತು ಉಳಿದವನೂ ಕೂಡಿ ಗಳೆ ಹೂಡುತ್ತಿದ್ದರು.

ಸಾಮಾನ್ಯ ವಿಮೆಯ ರಾಷ್ಟ್ರೀಕರಣವು 1972ರ ಕಾಯಿದೆಯಿಂದ ಆಗಿ, 1973ರ ಜನವರಿಯಿಂದ ನಾಲ್ಕು ಸರಕಾರಿ ಕಂಪನಿಗಳು ಕಾರ್ಯಾರಂಭ ಮಾಡಿದ ಆ ದಶಕದಲ್ಲಿಯೇ ಪಶುವಿಮೆಯು ದೇಶದಲ್ಲಿ ವ್ಯಾಪಕವಾಗತೊಡಗಿತು. 1980ರ ಅಕ್ಟೋಬರಿನಲ್ಲಿ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯು ದೇಶದ ಎಲ್ಲ ಬ್ಲಾಕುಗಳಿಗೂ ಹಬ್ಬಿದಾಗ ಬ್ಯಾಂಕಿನ ಸಾಲದ ಬೆನ್ನಿಗೇ ವಿಮೆಯೂ ಬಂದಿತು. ಆಯ್ಕೆಯ ಪ್ರಶ್ನೆ ಅಲ್ಲಿ ಹೆಚ್ಚಾಗಿ ಇರಲೇ ಇಲ್ಲ: ಸಾಲ ಕೊಟ್ಟವನು ಹೇಳಿದ ಪಾಲಿಸಿಯೇ ಪಾಲಿಸಿ. ದನದ ಡಾಕ್ಟರು ಬಣ್ಣ, ಕೊಂಬಿನ ಆಕಾರ, ಬಾಲದ ಕುಚ್ಚು, ಹಲ್ಲುಗಳಿಂದ ತಿಳಿದ ವಯಸ್ಸು ಇವನ್ನು ಸರ್ಟಿಫಿಕೇಟಿನಲ್ಲಿ ಬರೆದು, ಕಿವಿಗೆ ಸಂಖ್ಯೆಯುಳ್ಳ ಓಲೆಯನ್ನು ಚುಚ್ಚುವರು. ಪಶು ಸತ್ತರೆ ಶವಪರೀಕ್ಷೆಯ ವರದಿಯೊಡನೆ ಆ ಓಲೆಯನ್ನು ಒಪ್ಪಿಸಬೇಕು, ಓಲೆಯಿಲ್ಲದಿದ್ದರೆ ಪರಿಹಾರವಿಲ್ಲ. ಬೇಲಿಯ ಜಾಲಿಮುಳ್ಳಿಗೆ ಸಿಕ್ಕಿ ಓಲೆ ಹರಿದುಹೋದ ಎತ್ತು ಎದುರಿಗೆ ನಿಂತು ಮೆಲುಕು ಹಾಕುತ್ತಿದ್ದರೂ ಕಾಗದಪತ್ರಗಳ ಮಟ್ಟಿಗೆ ಅದು ಇಲ್ಲವೇ ಇಲ್ಲ.

ನಿಜವಾದ ಆಯ್ಕೆಯಿದ್ದುದು ಶಾಶ್ವತ ಅಂಗವೈಕಲ್ಯದ ವಿಷಯದಲ್ಲಿ. ಮೂಲ ಪಾಲಿಸಿಯು ಮರಣಕ್ಕೆ ಮಾತ್ರ ಹೊಣೆ. ಕಾಲು ಮುರಿದು ಗಳೆಗೆ ಬಾರದಾದ ಎತ್ತಿಗೆ ಪರಿಹಾರ ಬೇಕಾದರೆ ಕಂತನ್ನು ಹೆಚ್ಚಾಗಿ ಕಟ್ಟಬೇಕು. ಗಾಡಿ, ಗಳೆಗಳನ್ನೇ ನಂಬಿದ ಈ ಸೀಮೆಗೆ ಅದು ಅತ್ಯಾವಶ್ಯಕವಾಗಿದ್ದಿತೆಂದು ನನ್ನ ಅಭಿಪ್ರಾಯ. ಆದರೆ ಯಾವ ಪಾಲಿಸಿಯೂ ಒಪ್ಪದ ನಷ್ಟವೊಂದುಂಟು. ಒಂದೆತ್ತು ಸತ್ತಿತೆಂದರೆ ರೈತನು ಕಳೆದುಕೊಳ್ಳುವುದು ಜೋಡಿಯನ್ನು. ಉಳಿದ ಎತ್ತಿನ ಎತ್ತರಕ್ಕೂ ನಡೆಗೂ ಹೊಂದುವ ಮತ್ತೊಂದು ದೊರೆಯುವ ತನಕ ಅದರ ದುಡಿಮೆಯೂ ನಿಂತಂತೆಯೇ. ವಿಮೆಯ ಲೆಕ್ಕವು ತಲೆಯೆಣಿಕೆಯದು.

ಅರ್ಧ ಕಂತನ್ನು ಸರಕಾರವೇ ಭರಿಸುವ ಯೋಜನೆಯು 2005–06ರಲ್ಲಿ ದೇಶದ 100 ಜಿಲ್ಲೆಗಳಲ್ಲಿ ಪ್ರಾರಂಭವಾದಾಗ ಅದು ಮಿಶ್ರತಳಿಯ ಮತ್ತು ಹೆಚ್ಚು ಹಾಲು ಕರೆಯುವ ಆಕಳು, ಎಮ್ಮೆಗಳಿಗೆ ಮೀಸಲಾಯಿತು. ಉಳುವ ಎತ್ತು ಹೊರಗುಳಿಯಿತು. 2014–15ರ ರಾಷ್ಟ್ರೀಯ ಜಾನುವಾರು ಮಿಷನ್ ಕಾಲಕ್ಕೆ ಎತ್ತಿಗೂ ಅವಕಾಶ ದೊರೆಯುವಷ್ಟರಲ್ಲಿ ಟ್ರ್ಯಾಕ್ಟರು ಹೊಲಕ್ಕಿಳಿದಿದ್ದಿತು.

ಈಗ ನಗರದ ಮನೆಗಳಲ್ಲಿ ನಾಯಿಗೂ ಆರೋಗ್ಯವಿಮೆ ಮಾಡಿಸುವ ವಿಚಾರ ಬಂದಿದೆ. 2020ರಿಂದೀಚೆಗೆ ಖಾಸಗಿ ಕಂಪನಿಗಳು ಇಂತಹ ಪಾಲಿಸಿಗಳನ್ನು ಮಾರುತ್ತಿವೆ. ದನದ ವಿಮೆಯಂತೆ ಮರಣವೊಂದನ್ನೇ ನೋಡದೆ ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ವೆಚ್ಚ, ಕಳವು, ನಾಯಿಯು ಪರರನ್ನು ಕಚ್ಚಿದಾಗಿನ ಹೊಣೆ ಇವೂ ಅವುಗಳಲ್ಲಿ ಸೇರಿರಬಹುದು. ವಯಸ್ಸಿನ ಮಿತಿಯುಂಟು, ಲಸಿಕೆಯಿಂದ ತಡೆಯಬಹುದಾಗಿದ್ದ ರೋಗವು ಲಸಿಕೆ ಹಾಕಿಸದೆ ಬಂದರೆ ಹಣ ಸಿಕ್ಕದು, ಕಿವಿಯೋಲೆಯ ಸ್ಥಾನಕ್ಕೆ ಚರ್ಮದಡಿಯ ಮೈಕ್ರೊಚಿಪ್ ಬಂದಿದೆ. 1997ರವರೆಗೆ ವಿಜಯಪುರ ಜಿಲ್ಲೆಗೇ ಸೇರಿದ್ದ ಮುಧೋಳದ ಬೇಟೆನಾಯಿಯನ್ನು ಸಾಕಿದವರಿಗಾದರೋ ಮರಣದ ಮೊತ್ತಕ್ಕಿಂತ ಶಸ್ತ್ರಚಿಕಿತ್ಸೆಯ ಭಾಗವೇ ಮುಖ್ಯವೆನಿಸೀತು: ಬಯಲಿನಲ್ಲಿ ಮೊಲದ ಬೆನ್ನಟ್ಟಲು ಹುಟ್ಟಿದ ಆ ನೀಳಗಾಲುಗಳು ಸೊಲ್ಲಾಪುರ ರಸ್ತೆಯ ಲಾರಿಗಳ ನಡುವೆ ಮುರಿಯುವ ಸಂಭವವೇ ಹೆಚ್ಚು.