ಕಡಲ ದಂಡೆಯಲ್ಲಿ ಟೆಂಟ್, ಕಾಟೇಜ್ ವಾಸ: ಬುಕ್ ಮಾಡುವ ಮುನ್ನ ಇವಿಷ್ಟು ತಿಳಿದಿರಲಿ

ಅಲೆಗಳಿಂದ ಹತ್ತು ಹೆಜ್ಜೆ ದೂರದಲ್ಲಿ ಟೆಂಟ್, ಹಿಂದೆ ತೆಂಗಿನ ಸಾಲು, ಎದುರಿಗೆ ಸೂರ್ಯಾಸ್ತ. ಇಂಥ ಫೋಟೊ ಕಂಡ ಕೂಡಲೇ ಮುಂಗಡ ಕಟ್ಟಿಬಿಡುವವರು ಹಲವರು. ಆದರೆ ಆ ಫೋಟೊ ಇಳಿತದ ಹೊತ್ತಿನಲ್ಲಿ ತೆಗೆದದ್ದೇ ಎಂದು ಕೇಳುವವರು ಕಡಿಮೆ. ಕಡಲ ತೀರದ ವಾಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಉಬ್ಬರದ ನೀರು ಎಲ್ಲಿಯವರೆಗೆ ಬರುತ್ತದೆ?

ಕರ್ನಾಟಕದ ಕರಾವಳಿಯ ಉದ್ದ ಸುಮಾರು 320 ಕಿ.ಮೀ. ಈ ಬಗೆಯ ವಾಸಕ್ಕೆ ಹೆಚ್ಚು ಜನ ಹೋಗುವುದು ಉತ್ತರ ಕನ್ನಡ ಜಿಲ್ಲೆಗೆ. ಮುಂಬೈ, ಪುಣೆ ಕಡೆಯ ಕನ್ನಡಿಗರಿಗೆ ಕೊಂಕಣ ರೈಲ್ವೆಯ ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಮುರ್ಡೇಶ್ವರ ನಿಲ್ದಾಣಗಳು ಅನುಕೂಲ.

ಎಲ್ಲಿ, ಎಂಥ ವಾಸ?

ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವಲ್ಲಿ ದೇವಬಾಗ್ ಇದೆ. ಅಲ್ಲಿ ಗಾಳಿಮರಗಳ ನಡುವೆ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಕುಟೀರಗಳಿವೆ. ಗೋಕರ್ಣದ ಕುಡ್ಲೆ, ಓಂ ಬೀಚ್‌ಗಳ ಸುತ್ತ ಸರಳ ಗುಡಿಸಲಿನಿಂದ ಹಿಡಿದು ಎಸಿ ಕಾಟೇಜ್‌ವರೆಗೆ ಎಲ್ಲವೂ ಸಿಗುತ್ತದೆ. ಇನ್ನೂ ದಕ್ಷಿಣದ ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳಿಗೆ ಗುಡ್ಡದ ಕಾಲುದಾರಿ ಅಥವಾ ದೋಣಿಯೇ ಗತಿ. ಅಲ್ಲಿ ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ವಾಹನ ಬರುವುದಿಲ್ಲ ಎಂಬುದು ನೆನಪಿರಲಿ.

ಹುಣ್ಣಿಮೆ ರಾತ್ರಿಯ ಲೆಕ್ಕ

ಈ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷದ ಅಂತರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಉಳಿದ ದಿನಗಳಿಗಿಂತ ಮೇಲೆ ಏರುತ್ತದೆ. ಬೆಳದಿಂಗಳಿಗಾಗಿ ಟೆಂಟ್ ಹಾಕುವುದೂ ಹುಣ್ಣಿಮೆಯಂದೇ. ಹೀಗಾಗಿ ಸಂಜೆ ಒಣಗಿದ್ದ ಮರಳು ಮಲಗಿದ ಮೇಲೆ ಒದ್ದೆಯಾಗಬಹುದು. ದಂಡೆಯಲ್ಲಿ ಒಣ ಕಸ, ಕಡ್ಡಿ, ಚಿಪ್ಪು ಸಾಲಾಗಿ ಬಿದ್ದಿದ್ದರೆ ಅದೇ ನೀರು ಬಂದು ನಿಂತ ಗೆರೆ. ಟೆಂಟ್ ಅದಕ್ಕಿಂತ ಸಾಕಷ್ಟು ಮೇಲಿರಲಿ. ಹಾಗೆಂದು ತೆಂಗಿನ ಮರದ ಕೆಳಗೂ ಬೇಡ, ಕಾಯಿ, ಮಡಲು ಬೀಳುವ ಭಯವಿದೆ.

ಕಾನೂನು ಏನು ಹೇಳುತ್ತದೆ?

ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) 2019ರ ಅಧಿಸೂಚನೆ ಉಬ್ಬರ ಗೆರೆಯನ್ನೇ ಅಳತೆಗೋಲು ಮಾಡಿಕೊಂಡಿದೆ. ಗ್ರಾಮೀಣ ಭಾಗದಲ್ಲಿ ಜನಸಾಂದ್ರತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚಿದ್ದರೆ ಆ ಗೆರೆಯಿಂದ 50 ಮೀಟರ್, ಕಡಿಮೆ ಇದ್ದರೆ 200 ಮೀಟರ್ ಅಭಿವೃದ್ಧಿ ನಿಷಿದ್ಧ ಪ್ರದೇಶ. ತಾತ್ಕಾಲಿಕ ಪ್ರವಾಸಿ ಸೌಲಭ್ಯಗಳಿಗೆ ಅವಕಾಶ ಉಂಟಾದರೂ ಅವು ಗೆರೆಯಿಂದ ಕನಿಷ್ಠ 10 ಮೀಟರ್ ದೂರ ಇರಬೇಕು, ಅನುಮತಿಯೂ ಬೇಕು. ನಿಯಮ ಮೀರಿದ ಕಟ್ಟಡ ತೆರವಾದರೆ ಮುಂಗಡ ಕೊಟ್ಟವರ ರಜೆಯೂ ಹಾಳು. ಆದ್ದರಿಂದ ಸ್ಥಳೀಯ ಸಂಸ್ಥೆಯ ಪರವಾನಗಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದು ಫೋನಿನಲ್ಲೇ ಕೇಳಿ. ನೇರ ಉತ್ತರ ಬಾರದಿದ್ದರೆ ಬೇರೆ ಜಾಗ ನೋಡುವುದು ಒಳ್ಳೆಯದು. ಅರಣ್ಯ ಜಾಗದಲ್ಲಿ ಇಲಾಖೆಯ ಒಪ್ಪಿಗೆ ಇಲ್ಲದೆ ತಂಗುವಂತಿಲ್ಲ.

ಯಾವಾಗ ಹೋಗಬೇಕು?

ನವೆಂಬರ್‌ನಿಂದ ಫೆಬ್ರವರಿ ಹಿತವಾದ ಕಾಲ. ಮಾರ್ಚ್ ನಂತರ ಸೆಕೆಗೆ ಟೆಂಟ್ ಒಳಗೆ ನಿದ್ದೆ ಕಷ್ಟ. ಗಾಳಿಯಾಡುವ, ಮಡಲು ಹೊದಿಸಿದ ಗುಡಿಸಲೇ ವಾಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಯ ಟೆಂಟ್ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಕಡಲನ್ನೇ ನಂಬಿದವರು ದೋಣಿ ದಡಕ್ಕೆ ಎಳೆದಿಟ್ಟಿರುವಾಗ ಪ್ರವಾಸಿಗರಿಗೆ ಅಲ್ಲೇನು ಕೆಲಸ? ಗುಡ್ಡದ ಬುಡದ ಜಾಗವೂ ಮಳೆಗಾಲದಲ್ಲಿ ಅಪಾಯಕಾರಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದಿತ್ತು.

ನೀರಿಗಿಳಿಯುವ ಮುನ್ನ

ಚಳಿಗಾಲದ ಶಾಂತ ಕಡಲನ್ನೂ ನಂಬುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಜೀವರಕ್ಷಕರಿಲ್ಲದ ಕಡೆ, ಕತ್ತಲಾದ ಮೇಲೆ ಮತ್ತು ಮದ್ಯ ಸೇವಿಸಿ ನೀರಿಗಿಳಿಯಬೇಡಿ. ಸೆಳೆತಕ್ಕೆ ಸಿಕ್ಕರೆ ಎದುರು ಈಜಿ ಸುಸ್ತಾಗುವ ಬದಲು ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ. ತುರ್ತು ಸಂದರ್ಭಕ್ಕೆ 112.

ದೀಪ ಆರಿಸಿ

ನೀವು ತಂಗುವ ಚಳಿಗಾಲವೇ ಆಲಿವ್ ರಿಡ್ಲೆ ಕಡಲಾಮೆಗಳು ಈ ದಂಡೆಗೆ ಬಂದು ಮೊಟ್ಟೆ ಇಡುವ ಕಾಲ. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಹೊರಬಂದ ಮರಿಗಳು ಬೆಳಕನ್ನು ನೋಡಿ ಕಡಲಿನ ದಿಕ್ಕು ಹಿಡಿಯುತ್ತವೆ. ಟೆಂಟ್‌ನ ದೀಪ, ಕ್ಯಾಂಪ್‌ಫೈರ್ ಕಂಡರೆ ದಾರಿ ತಪ್ಪಿ ಸಾಯುತ್ತವೆ. ದಂಡೆಯಲ್ಲಿ ಬೆಂಕಿ ಹಾಕದಿರಿ, ರಾತ್ರಿ ದೀಪ ಆರಿಸಿ, ಕಸವನ್ನು ಮರಳಿ ಕಟ್ಟಿಕೊಂಡು ಬನ್ನಿ.

ಫೋನ್ ಮಾಡಿದಾಗ ಕೇಳಬೇಕಾದವು

* ಉಬ್ಬರದ ಗೆರೆಯಿಂದ ಟೆಂಟ್ ಅಥವಾ ಕಾಟೇಜ್ ಎಷ್ಟು ದೂರ?
* ಪರವಾನಗಿ ಯಾರ ಹೆಸರಿನಲ್ಲಿದೆ?
* ಕುಡಿಯುವ ನೀರು, ಶೌಚಾಲಯದ ವ್ಯವಸ್ಥೆ ಏನು? ಮಹಿಳೆಯರಿಗೆ ಪ್ರತ್ಯೇಕ ಇದೆಯೇ?
* ರಾತ್ರಿ ಸ್ಥಳದಲ್ಲಿ ಯಾರಿರುತ್ತಾರೆ?
* ವಾಹನ ಎಲ್ಲಿಯವರೆಗೆ ಬರುತ್ತದೆ, ಹತ್ತಿರದ ಆಸ್ಪತ್ರೆ ಎಲ್ಲಿ?

ಈ ಐದಕ್ಕೆ ಸರಿಯಾದ ಉತ್ತರ ಸಿಕ್ಕರೆ ಮುಂಗಡ ಕಟ್ಟಿ. ಫೋಟೊ ಆಮೇಲೆ ನೋಡಿದರಾಯಿತು.